ಹುಳುಕು ಹಲ್ಲಿಗೆ ‘ಒಳ್ಳೆಯ ಬ್ಯಾಕ್ಟೀರಿಯಾ’: ಮನೆಯ ಮೊಸರು ಸಾಲದೇ?

ಗಾಣದೂರಿನ ಮಾಸ್ತರ, ಮಹಾಲಿಂಗಪುರ

ನನ್ನ ಮಗನಿಗೆ ಏಳು ವರ್ಷ. ಅವನ ನಾಲ್ಕು ಹಾಲುಹಲ್ಲುಗಳು ಹುಳುಕಾಗಿ, ಮೂರಕ್ಕೆ ಸಿಮೆಂಟು ತುಂಬಿಸಿ, ಒಂದನ್ನು ಕೀಳಿಸಿಕೊಂಡು ಕಳೆದ ತಿಂಗಳಷ್ಟೇ ಬೆಳಗಾವಿಯಿಂದ ಬಂದೆವು. ಹೊರಡುವಾಗ ಅಲ್ಲಿನ ವೈದ್ಯರು, ಬಾಯಿಯೊಳಗಿನ ಕೆಟ್ಟ ಬ್ಯಾಕ್ಟೀರಿಯಾಗಳ ಜಾಗದಲ್ಲಿ ಒಳ್ಳೆಯವನ್ನು ನೆಲೆಗೊಳಿಸುವ ಚೀಪುವ ಗುಳಿಗೆಗಳು ಈಗ ಸಿಗುತ್ತವೆ, ಬೇಕಿದ್ದರೆ ಎರಡು ಮೂರು ತಿಂಗಳು ಕೊಟ್ಟು ನೋಡಬಹುದು ಎಂದರು. ಅವರು ಚೀಟಿಯಲ್ಲಿ ಬರೆಯಲಿಲ್ಲ, ನಾನೂ ಬರೆಸಿಕೊಳ್ಳಲಿಲ್ಲ. ಊರಿಗೆ ಬಂದು ಔಷಧಿ ಅಂಗಡಿಯೊಂದರಲ್ಲಿ ‘ಪ್ರೊಬಯಾಟಿಕ್’, ಎಂದರೆ ಇಂಥ ಒಳ್ಳೆಯ ಸೂಕ್ಷ್ಮಜೀವಿಗಳ ಔಷಧ, ಕೊಡಿ ಎಂದಾಗ ಪುಡಿಯ ಸಣ್ಣ ಪೊಟ್ಟಣಗಳನ್ನು ಕೊಟ್ಟರು. ನಾಲ್ಕು ದಿನ ನೀರಿನಲ್ಲಿ ಕದಡಿ ಕುಡಿಸಿದ ಮೇಲೆ ಕನ್ನಡಕ ಹಾಕಿಕೊಂಡು ಹಿಂಬದಿಯನ್ನು ಓದಿದರೆ ‘ಸ್ಯಾಕರೊಮೈಸಿಸ್ ಬೌಲಾರ್ಡಿ’ ಎಂದು ಬರೆದಿತ್ತು. ಅದು ಭೇದಿಗೆ ಕೊಡುವ ಔಷಧವಂತೆ.

ಈಗ ನನ್ನ ಪ್ರಶ್ನೆ ಎರಡು. ಬ್ಯಾಕ್ಟೀರಿಯಾವನ್ನು ಬ್ಯಾಕ್ಟೀರಿಯಾದಿಂದಲೇ ಹಿಮ್ಮೆಟ್ಟಿಸುವ ಈ ವಿಚಾರದಲ್ಲಿ ಹುರುಳಿದೆಯೇ? ಹುರುಳಿದ್ದರೆ, ನಮ್ಮ ಮನೆಯಲ್ಲಿ ದಿನವೂ ರಾತ್ರಿ ಹೆಪ್ಪು ಹಾಕುತ್ತೇವೆ, ಮಧ್ಯಾಹ್ನ ರೊಟ್ಟಿಯ ಜೊತೆ ಗಟ್ಟಿ ಮೊಸರು, ಸಂಜೆ ಮಜ್ಜಿಗೆ ತಪ್ಪುವುದಿಲ್ಲ. ಹಾಗಿದ್ದೂ ಮಗನ ಹಲ್ಲು ಹುಳುಕಾದದ್ದೇಕೆ, ಮತ್ತು ಅದೇ ಕೆಲಸಕ್ಕೆ ದುಬಾರಿ ಗುಳಿಗೆಯನ್ನು ಏಕೆ ಕೊಳ್ಳಬೇಕು? ಮುಚ್ಚಿಡದೆ ಇನ್ನೊಂದು ಮಾತು ಹೇಳಬೇಕು. ನಮ್ಮ ಮನೆ ಬೆಲ್ಲದ ಗಾಣದ ಪಕ್ಕದಲ್ಲಿದೆ. ಹಂಗಾಮಿನಲ್ಲಿ ಹುಡುಗ ಶಾಲೆಯಿಂದ ಬಂದವನೇ ಕೈಯಲ್ಲಿ ಬೆಲ್ಲದ ಉಂಡೆ ಹಿಡಿದು, ಕತ್ತಲಾಗುವವರೆಗೆ ಸ್ವಲ್ಪಸ್ವಲ್ಪವೇ ಕಡಿಯುತ್ತಿರುತ್ತಾನೆ.

ಟಿಳಕವಾಡಿ ದಂತವೈದ್ಯೆ, ಬೆಳಗಾವಿ

ಮಾಸ್ತರರೇ, ಮೊದಲು ಪುಡಿಯ ವಿಷಯ ಮುಗಿಸೋಣ. ಅದು ಬ್ಯಾಕ್ಟೀರಿಯಾವೇ ಅಲ್ಲ, ಯೀಸ್ಟ್ ಜಾತಿಯದು, ಕರುಳಿಗಾಗಿ ಇರುವಂಥದು. ಆರೋಗ್ಯವಾಗಿರುವ ಹುಡುಗನಿಗೆ ನಾಲ್ಕು ದಿನದಲ್ಲಿ ಅದರಿಂದ ಕೇಡಾಗಿರಲಿಕ್ಕಿಲ್ಲ, ಹಲ್ಲಿಗೆ ಲಾಭವೂ ಇಲ್ಲ.

ನಿಮ್ಮ ಕೊನೆಯ ವಾಕ್ಯದಲ್ಲೇ ಅರ್ಧ ಉತ್ತರವಿದೆ. ಹಲ್ಲಿಗೆ ಹುಳು ಬೀಳುವುದಿಲ್ಲ. 1924ರಲ್ಲಿ ಲಂಡನ್ನಿನ ಕ್ಲಾರ್ಕ್ ಎಂಬ ವೈದ್ಯರು ಹುಳುಕು ಹಲ್ಲುಗಳಿಂದ ಬೇರ್ಪಡಿಸಿದ ‘ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್’ ಎಂಬ ಬ್ಯಾಕ್ಟೀರಿಯಾ ಈ ಕೆಲಸದ ಮುಖ್ಯ ಪಾತ್ರಧಾರಿ. ಸಕ್ಕರೆ ಸಿಕ್ಕರೆ ಅದು ಎರಡು ಕೆಲಸ ಮಾಡುತ್ತದೆ. ಒಂದು ಪಾಲಿನಿಂದ ಅಂಟು ತಯಾರಿಸಿಕೊಂಡು ಹಲ್ಲಿಗೆ ಮೆತ್ತಿಕೊಳ್ಳುತ್ತದೆ, ಇನ್ನೊಂದು ಪಾಲನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತದೆ. ಹಲ್ಲಿಗೆ ಮೆತ್ತಿದ ಬ್ಯಾಕ್ಟೀರಿಯಾದ ಪಾಚಿಯಲ್ಲಿ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ಲಿನ ಖನಿಜ ಕರಗತೊಡಗುತ್ತದೆ. ಜೊಲ್ಲು ಆ ಆಮ್ಲವನ್ನು ತೊಳೆದು ಮೊದಲಿನ ಸ್ಥಿತಿಗೆ ತರಲು ಸಾಮಾನ್ಯವಾಗಿ ಅರ್ಧ ಗಂಟೆಯಾದರೂ ಬೇಕು. ಬೆಲ್ಲವೂ ಬಹುಪಾಲು ಸುಕ್ರೋಸೇ ಆದ್ದರಿಂದ ಹತ್ತು ನಿಮಿಷಕ್ಕೊಮ್ಮೆ ಒಂದು ಕಡಿ ಕಡಿದರೆ ಆ ಅರ್ಧ ಗಂಟೆ ಪ್ರತಿ ಸಲವೂ ಹೊಸದಾಗಿ ಆರಂಭವಾಗುತ್ತದೆ. ಅದೇ ಉಂಡೆಯನ್ನು ಊಟದ ಜೊತೆ ಒಂದೇ ಸಲಕ್ಕೆ ತಿಂದು ಮುಗಿಸುವ ಹುಡುಗನ ಹಲ್ಲಿಗೆ ಆಗುವ ಹಾನಿ ಎಷ್ಟೋ ಕಡಿಮೆ. ನಿಮ್ಮ ಮಗನ ಬಾಯಿ ಹಂಗಾಮಿನ ತಿಂಗಳುಗಳಲ್ಲಿ ದಿನಕ್ಕೆ ಎರಡು ಮೂರು ತಾಸು ಹುಳಿಯಲ್ಲೇ ನೆನೆಯುತ್ತಿದೆ.

ಇನ್ನು ಒಳ್ಳೆಯ ಬ್ಯಾಕ್ಟೀರಿಯಾದ ವಿಚಾರ. ಮನುಷ್ಯರ ಬಾಯಲ್ಲಿ 700ಕ್ಕೂ ಹೆಚ್ಚು ಜಾತಿಯ ಬ್ಯಾಕ್ಟೀರಿಯಾಗಳು ಗುರುತಾಗಿವೆ. ಹೆಚ್ಚಿನವು ನಿರುಪದ್ರವಿಗಳು, ಕೆಲವು ನೇರವಾಗಿ ಉಪಕಾರಿಗಳು. ಕ್ಲೋರ್‌ಹೆಕ್ಸಿಡಿನ್‌ನಂಥ ಬಾಯಿ ಮುಕ್ಕಳಿಸುವ ಔಷಧಗಳು ಒಳ್ಳೆಯದು ಕೆಟ್ಟದ್ದು ನೋಡದೆ ಎಲ್ಲವನ್ನೂ ಸವರುತ್ತವೆ. ಹೊಲವನ್ನು ಬರಿದು ಮಾಡಿ ಬೀಳು ಬಿಟ್ಟರೆ ಮೊದಲು ಕರಿಕೆಯೇ ಹಬ್ಬುತ್ತದೆ ಎಂಬುದು ಒಕ್ಕಲುತನ ಬಲ್ಲವರಿಗೆ ಗೊತ್ತು. ಬಿತ್ತಿದ ಬೆಳೆ ದಟ್ಟವಾಗಿದ್ದರೆ ಕಳೆಗೆ ಎಡೆಯಿರುವುದಿಲ್ಲ ಎಂಬುದೇ ಪ್ರೊಬಯಾಟಿಕ್‌ನ ತರ್ಕ. ಹಲ್ಲಿನ ಹುಳುಕಿನ ಮಟ್ಟಿಗೆ ಹೆಚ್ಚು ಚರ್ಚೆಯಲ್ಲಿರುವುದು ‘ಸ್ಟ್ರೆಪ್ಟೊಕಾಕಸ್ ಸ್ಯಾಲಿವೇರಿಯಸ್ ಎಂ18’ ಎಂಬ ತಳಿ. ಅದು ಮ್ಯೂಟನ್ಸ್ ಕಟ್ಟುವ ಅಂಟನ್ನು ಕತ್ತರಿಸುವ ಡೆಕ್ಸ್‌ಟ್ರನೇಸ್ ಎಂಬ ಕಿಣ್ವವನ್ನೂ, ಜೊಲ್ಲಿನಲ್ಲಿರುವ ಯೂರಿಯಾವನ್ನು ಅಮೋನಿಯಾ ಮಾಡಿ ಹುಳಿಯನ್ನು ತಗ್ಗಿಸುವ ಯೂರಿಯೇಸ್ ಎಂಬ ಕಿಣ್ವವನ್ನೂ ತಯಾರಿಸುತ್ತದೆ. ಹುಳುಕಿನ ಅಪಾಯ ಹೆಚ್ಚಿದ್ದ ಮಕ್ಕಳಲ್ಲಿ ಇದನ್ನು ಕೊಟ್ಟು ನೋಡಿದ ಅಧ್ಯಯನ 2013ರಲ್ಲಿ ಪ್ರಕಟವಾಗಿದ್ದು, ಪಾಚಿಯ ಪ್ರಮಾಣ ತಗ್ಗಿದ್ದು ಅದರಲ್ಲಿ ಕಂಡುಬಂದಿದೆ. ಪಾಚಿ ತಗ್ಗುವುದೂ ಹುಳುಕು ನಿಲ್ಲುವುದೂ ಒಂದೇ ಅಲ್ಲ ಎಂಬುದನ್ನು ಮಾತ್ರ ನೆನಪಿಡಿ.

ಗುಮ್ಮಟನಗರಿ, ವಿಜಯಪುರ

ನಾನು ಕಾಲೇಜಿನಲ್ಲಿ ಸೂಕ್ಷ್ಮಜೀವಶಾಸ್ತ್ರ ಪಾಠ ಹೇಳುವವನು, ವೈದ್ಯನಲ್ಲ. ಮೊಸರಿನ ಪ್ರಶ್ನೆಯನ್ನು ವೈದ್ಯೆಯವರು ನನಗಾಗಿಯೇ ಬಿಟ್ಟಂತಿದೆ.

ಹೆಪ್ಪು ಹಾಕಿದ ಹಾಲಿನಲ್ಲಿ ಲ್ಯಾಕ್ಟೊಕಾಕಸ್, ಲ್ಯಾಕ್ಟೊಬ್ಯಾಸಿಲಸ್, ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್ ಮುಂತಾದವು ಇರುತ್ತವೆ; ಯಾವುದು ಎಷ್ಟು ಎಂಬುದು ಮನೆಯಿಂದ ಮನೆಗೆ, ಋತುವಿನಿಂದ ಋತುವಿಗೆ ಬದಲಾಗುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಮೊಸರಿನ ಈ ಥರ್ಮೊಫಿಲಸ್ ಮತ್ತು ವೈದ್ಯೆಯವರು ಹೇಳಿದ ಸ್ಯಾಲಿವೇರಿಯಸ್ ಎಷ್ಟು ಹತ್ತಿರದ ಬಂಧುಗಳೆಂದರೆ, ಒಂದು ಕಾಲದಲ್ಲಿ ಮೊದಲನೆಯದನ್ನು ಎರಡನೆಯದರ ಉಪಜಾತಿಯೆಂದೇ ವರ್ಗೀಕರಿಸಿದ್ದರು. ಆದರೆ ಒಬ್ಬ ದಾಯಾದಿ ಹಾಲಿನಲ್ಲಿ ಬದುಕುವುದನ್ನು ಕಲಿತಿದ್ದಾನೆ, ಇನ್ನೊಬ್ಬ ಹುಟ್ಟಿದ ಕೆಲವೇ ದಿನಗಳಲ್ಲಿ ಮಗುವಿನ ನಾಲಿಗೆಯ ಮೇಲೆ ಮನೆ ಮಾಡಿ ಕೊನೆಯವರೆಗೂ ಅಲ್ಲಿಯೇ ಇರುತ್ತಾನೆ. ಮಜ್ಜಿಗೆಯ ಬ್ಯಾಕ್ಟೀರಿಯಾ ಬಾಯಲ್ಲಿ ತಂಗುವುದು ಬಸ್‌ ನಿಲ್ದಾಣದಲ್ಲಿ ಪ್ರಯಾಣಿಕ ತಂಗಿದಷ್ಟು ಹೊತ್ತು ಮಾತ್ರ. ಒಂದು ಗುಟುಕು ನೀರು ಕುಡಿದರೆ ಹೊಟ್ಟೆಗೆ ಹೋಯಿತು. ಮೊಸರಿನಿಂದ ಹಲ್ಲಿಗೆ ಸಿಗುವ ಲಾಭ ಅದರ ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತು ಹಾಲಿನ ಪ್ರೋಟೀನಾದ ಕೇಸೀನ್‌ಗಳಿಂದ ಬರುವಂಥದು, ಅದನ್ನು ಅಲ್ಲಗಳೆಯುತ್ತಿಲ್ಲ.

ಲ್ಯಾಕ್ಟೊಬ್ಯಾಸಿಲಸ್ ಎಂದ ಕೂಡಲೇ ಒಳ್ಳೆಯದು ಎಂದು ತಿಳಿಯುವುದೂ ತಪ್ಪು. ಆಳವಾದ ಹುಳುಕಿನ ತಳದಲ್ಲಿ ಆಮ್ಲ ಕಾರುತ್ತ ಕುಳಿತಿರುವವುಗಳಲ್ಲಿ ಅದೇ ಕುಲದವೂ ಇರುತ್ತವೆ. ಹಾಗಿದ್ದರೂ ಫಿನ್ಲೆಂಡಿನ ಹೆಲ್ಸಿಂಕಿಯ ಶಿಶುವಿಹಾರಗಳಲ್ಲಿ 1ರಿಂದ 6 ವರ್ಷದ 594 ಮಕ್ಕಳಿಗೆ 7 ತಿಂಗಳು, ವಾರದಲ್ಲಿ ಐದು ದಿನ ಹಾಲು ಕೊಟ್ಟು, ಒಂದು ಗುಂಪಿನ ಹಾಲಿಗೆ ಮಾತ್ರ ‘ರಾಮ್ನೋಸಸ್ ಜಿಜಿ’ ಎಂಬ ಲ್ಯಾಕ್ಟೊಬ್ಯಾಸಿಲಸ್ ತಳಿಯನ್ನು ಬೆರೆಸಿ ನೋಡಿದಾಗ, ಆ ಗುಂಪಿನಲ್ಲಿ ಹುಳುಕು ಕಡಿಮೆಯಾಗಿತ್ತು. ಪರಿಣಾಮ ಹೆಚ್ಚು ಸ್ಪಷ್ಟವಾಗಿದ್ದುದು 3–4 ವರ್ಷದವರಲ್ಲಿ. ಇದು ಪ್ರಕಟವಾದದ್ದು 2001ರಲ್ಲಿ. ಕುಲ ಒಂದೇ, ತಳಿ ಬೇರೆ, ನಡತೆಯೂ ಬೇರೆ. ಬಿಳಿಜೋಳ ಎಂದ ಮಾತ್ರಕ್ಕೆ ಎಲ್ಲವೂ ಮಾಲದಂಡಿಯಾಗುವುದಿಲ್ಲವಲ್ಲ.

ಇನ್ನೊಂದು ತಳಿಯ ಕಥೆಯನ್ನು ಹೇಳಲೇಬೇಕು. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿರುವ ಒಟಾಗೊ ವಿಶ್ವವಿದ್ಯಾಲಯದ ಜಾನ್ ಟ್ಯಾಗ್ ಅವರ ಆಸಕ್ತಿ ಹಲ್ಲಿನ ಮೇಲಿರಲಿಲ್ಲ, ಗಂಟಲಿನ ಮೇಲಿತ್ತು. ಕೆಲವು ಮಕ್ಕಳಿಗೆ ಗಂಟಲು ಬೇನೆ ಮೇಲಿಂದ ಮೇಲೆ ಬರುತ್ತದೆ, ಕೆಲವರಿಗೆ ಬರುವುದೇ ಇಲ್ಲ. ಇದೇಕೆ ಎಂದು ಹುಡುಕುತ್ತ ಹೋದಾಗ, ವರ್ಷಗಟ್ಟಲೆ ಗಂಟಲು ಕೆಡದ ಒಂದು ಮಗುವಿನ ಬಾಯಲ್ಲಿ ಸಿಕ್ಕ ತಳಿಯೇ ‘ಕೆ12’. ಅದು ಸ್ಯಾಲಿವರಿಸಿನ್ ಎಂಬ ಪ್ರೋಟೀನ್ ಅಸ್ತ್ರಗಳನ್ನು ಹೊರಬಿಡುತ್ತದೆ. ಸಾಮಾನ್ಯ ಆಂಟಿಬಯಾಟಿಕ್ ಊರಿಗೆಲ್ಲ ಬೀಸುವ ಬಲೆಯಾದರೆ, ಬ್ಯಾಕ್ಟೀರಿಯಾಗಳೇ ತಯಾರಿಸುವ ಈ ಅಸ್ತ್ರಗಳು, ಎಂದರೆ ಬ್ಯಾಕ್ಟೀರಿಯೊಸಿನ್‌ಗಳು ಹೆಚ್ಚಾಗಿ ತಮ್ಮ ಹತ್ತಿರದ ಸಂಬಂಧಿಗಳನ್ನೇ ಗುರಿಯಿಡುತ್ತವೆ. ದಾಯಾದಿ ಜಗಳ ಎಂದರೆ ಇದೇ.

ಕೌಂಟರಿನ ಹಿಂದೆ, ಬಾಗಲಕೋಟೆ

ಕೆ12 ಹೆಸರು ಬಂದದ್ದರಿಂದ, ಅದನ್ನು ಬಾಯಿಯ ದುರ್ವಾಸನೆಗೆ ಬಳಸಿದ ನನ್ನ ಅನುಭವವನ್ನು ಬರೆಯುತ್ತಿದ್ದೇನೆ. ನನ್ನದು ದಿನವಿಡೀ ಜನರ ಮುಖಕ್ಕೆ ಮುಖ ಕೊಟ್ಟು ಮಾತಾಡುವ ನೌಕರಿ. ಎದುರಿನವರು ಅರ್ಧ ಹೆಜ್ಜೆ ಹಿಂದೆ ಸರಿದು ನಿಲ್ಲುವುದನ್ನು ಗಮನಿಸಿದ ದಿನದಿಂದ ನಾನು ಕೈಯಿಂದ ಬಾಯಿ ಮರೆಮಾಡಿ ಮಾತಾಡುವುದನ್ನು ರೂಢಿಸಿಕೊಂಡಿದ್ದೆ. ಯಾರೋ ಹೇಳಿದರೆಂದು ಒಂದು ಬೆಳಗ್ಗೆ ಸ್ಟೀಲ್ ಚಮಚೆಯನ್ನು ತಿರುವಿ ಹಿಡಿದು ನಾಲಿಗೆಯ ಹಿಂಬದಿಯಿಂದ ಕೆರೆದೆ. ಹಳದಿ ಬಣ್ಣದ ಗಂಜಿಯಂಥದು ಬಂತು. ಅದನ್ನು ಒಂದು ನಿಮಿಷ ಬಿಟ್ಟು ಮೂಸಿದಾಗ, ಎದುರಿನವರ ಮೇಲಿದ್ದ ನನ್ನ ಸಿಟ್ಟು ಇಳಿಯಿತು.

ಮೂರು ದಿನ ವೈದ್ಯರು ಕೊಟ್ಟ ಔಷಧದಿಂದ ಬಾಯಿ ಮುಕ್ಕಳಿಸಿ, ನಾಲಿಗೆ ಕೆರೆದು, ಬಳಿಕ ಒಂದು ತಿಂಗಳು ರಾತ್ರಿ ಕೆ12 ಗುಳಿಗೆ ಚೀಪಿದೆ. ಎರಡನೆಯ ವಾರದಲ್ಲಿ ಮನೆಯವಳು ತಾನಾಗಿಯೇ ‘ಕಡಿಮೆ ಆಗೈತಿ’ ಎಂದಳು. ಗುಳಿಗೆ ನಿಲ್ಲಿಸಿದ ಮೂರು ವಾರಕ್ಕೆ ಮತ್ತೆ ಮೊದಲಿನಂತಾಯಿತು. ಕೊನೆಗೆ ಬೇರೆ ವೈದ್ಯರು ಸಣ್ಣ ಅಳತೆಗೋಲಿನಿಂದ ಒಸಡನ್ನು ಅಳೆದು, ಹಿಂದಿನ ದವಡೆಹಲ್ಲುಗಳ ಸುತ್ತ 6 ಮಿಲಿಮೀಟರ್ ಆಳದ ಸಂದುಗಳಿವೆ ಎಂದು ತೋರಿಸಿದರು. ಅಲ್ಲಿ ಸೇರಿದ್ದ ಕಿಟ್ಟವನ್ನು ಎರಡು ಸಲ ಕೂರಿಸಿ ತೆಗೆದ ಮೇಲೆ ವಾಸನೆ ನಿಂತಿದೆ. ಮೊದಲ ವೈದ್ಯರು ಒಸಡನ್ನು ಮುಟ್ಟಿಯೂ ನೋಡದೆ ಗುಳಿಗೆ ಬರೆದದ್ದು ಈಗಲೂ ನನಗೆ ಬೇಸರದ ಸಂಗತಿ.

ಟಿಳಕವಾಡಿ ದಂತವೈದ್ಯೆ, ಬೆಳಗಾವಿ

ನಿಮ್ಮ ಬೇಸರ ನ್ಯಾಯವಾದದ್ದು. ಬಾಯಿಯ ದುರ್ವಾಸನೆಯ ಬಹುಪಾಲು ಹೊಟ್ಟೆಯಿಂದ ಬರುವುದಿಲ್ಲ, ನಾಲಿಗೆಯ ಹಿಂಬದಿಯಿಂದ ಮತ್ತು ಒಸಡಿನ ಸಂದುಗಳಿಂದ ಬರುತ್ತದೆ. ಗಾಳಿಯಾಡದ ಆ ಜಾಗಗಳಲ್ಲಿ ಬ್ಯಾಕ್ಟೀರಿಯಾಗಳು ಪ್ರೋಟೀನನ್ನು ಕೊಳೆಸುವಾಗ ಹೈಡ್ರೋಜನ್ ಸಲ್ಫೈಡ್, ಮೀಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ಅನಿಲಗಳು ಹುಟ್ಟುತ್ತವೆ. ನೀವು ಅನುಸರಿಸಿದ ಕ್ರಮ, ಎಂದರೆ ಮೊದಲು ಮುಕ್ಕಳಿಸಿ ಜಾಗ ತೆರವು ಮಾಡಿ ಆಮೇಲೆ ಕೆ12 ಕೊಡುವುದು, ನ್ಯೂಜಿಲೆಂಡಿನವರು 2006ರಲ್ಲಿ ಪ್ರಕಟಿಸಿದ ಪ್ರಾಥಮಿಕ ಅಧ್ಯಯನದ್ದೇ. ಫಲಿತಾಂಶ ಉತ್ತೇಜಕವಾಗಿತ್ತು, ಆದರೆ ಭಾಗವಹಿಸಿದವರು ಕೇವಲ 23 ಜನ.

ಒಸಡಿನ ರೋಗದ ಬ್ಯಾಕ್ಟೀರಿಯಾಗಳು ಮ್ಯೂಟನ್ಸ್‌ಗಿಂತ ತೀರ ಬೇರೆ. ಪಾರ್ಫೈರೊಮೊನಾಸ್ ಜಿಂಜಿವಾಲಿಸ್, ಟ್ಯಾನೆರೆಲ್ಲಾ ಫೋರ್ಸೈಥಿಯಾ, ಟ್ರೆಪೊನೀಮಾ ಡೆಂಟಿಕೋಲಾ ಎಂಬ ಮೂರನ್ನು 1998ರಲ್ಲಿ ಸೊಕ್ರಾನ್ಸ್ಕಿ ಮತ್ತು ಸಂಗಡಿಗರು ‘ಕೆಂಪು ಗುಂಪು’ ಎಂದು ಕರೆದರು. ಕಲ್ಲಿನಂತೆ ಗಟ್ಟಿಯಾದ ಕಿಟ್ಟದ ಅಡಿಯಲ್ಲಿ ಅವು ಕುಳಿತಿರುವಾಗ ಮೇಲಿನಿಂದ ಗುಳಿಗೆ ಚೀಪಿದರೆ ಅಲ್ಲಿಗೆ ತಲುಪುವುದೇನು? ಈ ರೋಗಕ್ಕೆ ಹೆಚ್ಚು ಪರೀಕ್ಷೆಗೊಳಗಾದ ‘ರಾಯಿಟೆರಿ’ ಎಂಬ ಲ್ಯಾಕ್ಟೊಬ್ಯಾಸಿಲಸ್ ತಳಿಗಳನ್ನೂ ಕಿಟ್ಟ ತೆಗೆದ ಬಳಿಕ ಅದರ ಜೊತೆಗೆ ಕೊಟ್ಟೇ ನೋಡಿದ್ದಾರೆ. ಕೆಲವು ಅಧ್ಯಯನಗಳಲ್ಲಿ ಸಂದಿನ ಆಳ ಸ್ವಲ್ಪ ಹೆಚ್ಚಾಗಿ ತಗ್ಗಿದೆ, ಕೆಲವದರಲ್ಲಿ ವ್ಯತ್ಯಾಸ ಕಂಡಿಲ್ಲ. ಗುಳಿಗೆ ನಿಲ್ಲಿಸಿದಾಗ ಮೊದಲಿನಂತಾಗುವುದೂ ಸಾಮಾನ್ಯ, ಏಕೆಂದರೆ ದೊಡ್ಡವರ ಬಾಯಲ್ಲಿ ಹಳೆಯ ಒಕ್ಕಲುಗಳು ಗಟ್ಟಿಯಾಗಿ ತಳವೂರಿರುತ್ತವೆ. ಹೊರಗಿನಿಂದ ಬಂದದ್ದು ಕೆಲವು ದಿನ ಅತಿಥಿಯಾಗಿದ್ದು ಹೊರಟುಬಿಡುತ್ತದೆ.

ಬೇವಿನಕಡ್ಡಿ, ಇಂಡಿ

ನನಗೆ ಅರವತ್ತೆಂಟು. ನಮ್ಮ ತಂದೆಯವರು ಬೇವಿನ ಕಡ್ಡಿ, ತಾಯಿಯವರು ಮಿಶ್ರಿ ಬಿಟ್ಟರೆ ಬೇರೇನನ್ನೂ ಹಲ್ಲಿಗೆ ಮುಟ್ಟಿಸಿದವರಲ್ಲ, ಎಂಬತ್ತರವರೆಗೆ ಕಬ್ಬು ಸಿಗಿದು ತಿಂದರು. ಈಗ ಬ್ಯಾಕ್ಟೀರಿಯಾ ಕೊಲ್ಲಲು ಬ್ಯಾಕ್ಟೀರಿಯಾ ಮಾರುತ್ತಾರೆ. ನಾಳೆ ಅದನ್ನು ಕೊಲ್ಲಲು ಇನ್ನೊಂದು ಬರುತ್ತದೆ, ಅಷ್ಟೇ.

ಟಿಳಕವಾಡಿ ದಂತವೈದ್ಯೆ, ಬೆಳಗಾವಿ

ಅಜ್ಜಾವರೇ, ಬೇವಿನ ಕಡ್ಡಿಗೆ ನನ್ನ ತಕರಾರಿಲ್ಲ. ಆ ಕಾಲದಲ್ಲಿ ದಿನಕ್ಕೆ ಆರು ಸಲ ಬಿಸ್ಕೀಟು ಇರಲಿಲ್ಲ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಮಿಶ್ರಿ ಮಾತ್ರ ಸುಟ್ಟ ತಂಬಾಕು, ಬಾಯಿಯ ಕ್ಯಾನ್ಸರಿನ ದಾರಿ. ಅದನ್ನು ಯಾವ ಕಾರಣಕ್ಕೂ ಸಮರ್ಥಿಸಲಾರೆ. ಬಂದ ಪ್ರಸಂಗಕ್ಕೆ ಇನ್ನೊಂದು ಮಾತು: ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕೆಲವು ಹಳ್ಳಿಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಾಣುವ ಕಂದು ಪಟ್ಟೆ ಬ್ಯಾಕ್ಟೀರಿಯಾದ್ದಲ್ಲ, ಕೊಳವೆಬಾವಿ ನೀರಿನ ಫ್ಲೋರೈಡ್‌ನದು. ಆ ಪಟ್ಟೆಗೆ ಯಾರಾದರೂ ಪ್ರೊಬಯಾಟಿಕ್ ಮಾರಿದರೆ ಕೊಳ್ಳಬೇಡಿ.

ಗೋಕಾಕದ ಸೊಸೆ

ನನ್ನ ಮಗಳಿಗೆ ಒಂದೂವರೆ ವರ್ಷ. ಅತ್ತೆಯವರು ಪ್ರೀತಿಯಿಂದ ರೊಟ್ಟಿಯನ್ನು ತಾವು ಅಗಿದು ಮೆತ್ತಗೆ ಮಾಡಿ ಅವಳ ಬಾಯಿಗೆ ಇಡುತ್ತಾರೆ. ಅವರಿಗೆ ಹುಳುಕು ಹಲ್ಲುಗಳಿವೆ. ಕೆಟ್ಟ ಬ್ಯಾಕ್ಟೀರಿಯಾ ಹೀಗೆ ದಾಟುವುದು ನಿಜವೇ? ನಿಜವಾಗಿದ್ದರೆ ಅವರ ಮನಸ್ಸು ನೋಯದಂತೆ ಹೇಗೆ ಹೇಳಲಿ?

ಟಿಳಕವಾಡಿ ದಂತವೈದ್ಯೆ, ಬೆಳಗಾವಿ

ನಿಜ, ತಂಗಿ. ಹಲ್ಲಿಲ್ಲದ ಎಳೆಗೂಸಿನ ಬಾಯಲ್ಲಿ ಮ್ಯೂಟನ್ಸ್‌ಗೆ ನೆಲೆ ಕಡಿಮೆ. ಅದಕ್ಕೆ ಹಿಡಿದುಕೊಳ್ಳಲು ಹಲ್ಲಿನ ಗಟ್ಟಿ ಮೈ ಬೇಕು. ಅಮೆರಿಕದಲ್ಲಿ 1993ರಲ್ಲಿ ಪ್ರಕಟವಾದ ಒಂದು ಅಧ್ಯಯನ, ತಾಯಂದಿರಿಂದ ಮಕ್ಕಳಿಗೆ ಅದು ದಾಟಿ ನೆಲೆಗೊಳ್ಳುವುದು ಬಹುತೇಕ 19ರಿಂದ 31 ತಿಂಗಳ ನಡುವೆ ಎಂದು ಗುರುತಿಸಿತು. ಅದಕ್ಕೂ ಮೊದಲೇ ದಾಟುವುದುಂಟು ಎಂದು ನಂತರದವರು ತೋರಿಸಿದ್ದಾರೆ. ನಿಮ್ಮ ಮಗಳು ಸರಿಯಾಗಿ ಆ ಹೊಸ್ತಿಲಲ್ಲಿದ್ದಾಳೆ. ಒಳ್ಳೆಯವು ಮೊದಲು ನೆಲೆಯೂರಿದರೆ ಕೆಟ್ಟವಕ್ಕೆ ಜಾಗ ಸಿಗುವುದು ಕಷ್ಟ ಎಂಬ ಕಾರಣಕ್ಕೆ ಈ ಇಡೀ ಚರ್ಚೆ ದೊಡ್ಡವರಿಗಿಂತ ಇಂಥ ಮಕ್ಕಳಿಗೇ ಹೆಚ್ಚು ಸಂಬಂಧಿಸಿದ್ದು.

ಅತ್ತೆಯವರಿಗೆ ಎಂಜಲಿನ ಮಾತು ಎತ್ತಬೇಡಿ. ಮನೆ ಮಕ್ಕಳಿಗೆ ಎಂಜಲಿಲ್ಲ ಎನ್ನುತ್ತಾರೆ, ಮಾತು ಅಲ್ಲಿಗೇ ಮುರಿಯುತ್ತದೆ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕಿವುಚಿ, ಆ ಬಟ್ಟಲನ್ನೇ ಅವರ ಕೈಗೆ ಕೊಟ್ಟು ಉಣಿಸಲು ಹೇಳಿ. ಅವರ ಹುಳುಕು ಹಲ್ಲುಗಳನ್ನೂ ತೋರಿಸಿ. ಮನೆಯ ದೊಡ್ಡವರ ಬಾಯಿ ಸುಧಾರಿಸಿದರೆ ಮಗುವಿಗೆ ದಾಟುವುದೂ ಕಡಿಮೆಯಾಗುತ್ತದೆ.

ಗುಮ್ಮಟನಗರಿ, ವಿಜಯಪುರ

ಮೊದಲು ನೆಲೆಯೂರುವ ಮಾತು ಬಂದದ್ದರಿಂದ ಹೇಳುತ್ತಿದ್ದೇನೆ. ಫ್ಲಾರಿಡಾ ವಿಶ್ವವಿದ್ಯಾಲಯದ ಜೆಫ್ರಿ ಹಿಲ್ಮನ್ ಎಂಬವರು ಬೇರೆ ಜಾತಿಯನ್ನು ತರುವ ಬದಲು ಮ್ಯೂಟನ್ಸ್‌ನ್ನೇ ಸಾಧು ಮಾಡಲು ಹೊರಟಿದ್ದರು. ತನ್ನದೇ ಜಾತಿಯ ಇತರ ತಳಿಗಳನ್ನು ಕೊಲ್ಲಬಲ್ಲ ಒಂದು ತಳಿಯನ್ನು ಆರಿಸಿ, ಲ್ಯಾಕ್ಟಿಕ್ ಆಮ್ಲ ತಯಾರಿಸುವ ವಂಶವಾಹಿಯನ್ನು ಕಿತ್ತುಹಾಕಿ, ಅದರ ಬದಲು ಅತ್ಯಲ್ಪ ಮದ್ಯಸಾರ ಬರುವಂತೆ ಮಾಡಿ 2000ದಲ್ಲಿ ಪ್ರಕಟಿಸಿದರು. ಇಲಿಗಳಲ್ಲಿ ಹುಳುಕು ತಗ್ಗಿತು. ಆದರೆ ಮನುಷ್ಯರ ಮೇಲಿನ ದೊಡ್ಡ ಪ್ರಯೋಗಗಳ ಹಂತವನ್ನು ಅದು ಮುಟ್ಟಲಿಲ್ಲ, ಅನುಮೋದಿತ ಚಿಕಿತ್ಸೆಯಾಗಿಯೂ ಬರಲಿಲ್ಲ. ಒಮ್ಮೆ ಬಿಟ್ಟರೆ ಹಿಂದಕ್ಕೆ ಕರೆಸಿಕೊಳ್ಳಲಾಗದ ಜೀವಿ, ಮುತ್ತಿನಲ್ಲೂ ಚಮಚೆಯಲ್ಲೂ ಬೇರೆಯವರಿಗೆ ದಾಟುವಂಥದು. ಅಧಿಕಾರಿಗಳು ಹಿಂದೆಮುಂದೆ ನೋಡಿದ್ದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಗುಳಿಗೆ ಕೊಳ್ಳುವವರಿಗೆ ಒಂದೆರಡು ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಡಬ್ಬಿಯ ಮೇಲೆ ಕುಲ, ಜಾತಿ, ತಳಿ ಮೂರೂ ಇರಬೇಕು, ಮತ್ತು ಬಳಕೆಯ ಅವಧಿ ಮುಗಿಯುವ ದಿನಕ್ಕೂ ಎಷ್ಟು ಜೀವಂತವಾಗಿರುತ್ತವೆ ಎಂಬುದಿರಬೇಕು. ‘ಪ್ರೊಬಯಾಟಿಕ್ ಮಿಶ್ರಣ’ ಎಂದಷ್ಟೇ ಬರೆದಿದ್ದರೆ ಹಿಂದಿರುಗಿಸಿ. ಇವು ಒಣಗಿಸಿದ ಜೀವಿಗಳು. ನಮ್ಮ ವಿಜಯಪುರದ ಏಪ್ರಿಲಿನಲ್ಲಿ ತಗಡಿನ ಮಾಳಿಗೆಯ ಅಂಗಡಿಯಲ್ಲಿ ಎರಡು ತಿಂಗಳಿದ್ದ ಡಬ್ಬಿಯಲ್ಲಿ ಉಳಿದಿರುವುದು ಹೆಣಗಳೇ ಆಗಿದ್ದರೆ ಆಶ್ಚರ್ಯವಿಲ್ಲ. ಆಂಟಿಬಯಾಟಿಕ್ ನುಂಗುತ್ತಿರುವಾಗ ಅಥವಾ ಔಷಧದಿಂದ ಮುಕ್ಕಳಿಸಿದ ಕೂಡಲೇ ಚೀಪಿದರೆ ಹಣವನ್ನು ಉಗುಳಿದಂತೆ. ಹೃದಯದ ಕವಾಟದ ತೊಂದರೆಯಿರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ತಮ್ಮ ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ಗಾಣದೂರಿನ ಮಾಸ್ತರ, ಮಹಾಲಿಂಗಪುರ

ಎಲ್ಲರಿಗೂ ಕೃತಜ್ಞತೆಗಳು. ಆರು ವಾರಗಳ ಬಳಿಕ ಬರೆಯುತ್ತಿದ್ದೇನೆ. ಹೇಳಿದಂತೆ ತಳಿಯ ಹೆಸರಿರುವ ಎಂ18 ಡಬ್ಬಿಯನ್ನು ತರಿಸಿದೆ. ಮೊದಲ ರಾತ್ರಿ ಹುಡುಗ ಗುಳಿಗೆಯನ್ನು ಕಡಲೆಯಂತೆ ಕಟಕಟನೆ ಕಡಿದು ನುಂಗಿ, ಇನ್ನೊಂದು ಕೊಡಿ ಎಂದ. ಈಗ ಹಲ್ಲುಜ್ಜಿದ ಮೇಲೆ ನನ್ನೆದುರು ಕುಳಿತು, ಅದು ಕರಗುವವರೆಗೆ ಮಾತಾಡಬಾರದು ಎಂಬ ಕಟ್ಟಳೆ ಮಾಡಿದ್ದೇನೆ. ಮನೆಯಲ್ಲಿ ದಿನಕ್ಕೆ ಹತ್ತು ನಿಮಿಷ ಶಾಂತಿ ಸಿಕ್ಕಿದ್ದು ಹೆಚ್ಚಿನ ಲಾಭ. ಗಾಣದವರಿಗೂ ಹೇಳಿಟ್ಟಿದ್ದೇನೆ. ಉಂಡೆ ಈಗ ಅವನ ಕೈಗೆ ಬರುವುದಿಲ್ಲ, ನನ್ನ ಕೈಗೆ ಬಂದು, ಮಧ್ಯಾಹ್ನದ ರೊಟ್ಟಿ ತುಪ್ಪದ ಜೊತೆ ತಾಟಿಗೆ ಬೀಳುತ್ತದೆ. ಎರಡು ದಿನ ಅತ್ತ, ಮೂರನೆಯ ದಿನ ಮರೆತ.

ಒಂದೇ ಸಂದೇಹ ಉಳಿದಿದೆ. ಕೆಳದವಡೆಯಲ್ಲಿ ಹಾಲುಹಲ್ಲಿನ ಹಿಂದೆ ಹೊಸದಾಗಿ ಒಂದು ದೊಡ್ಡ ಹಲ್ಲು ಬಂದಿದೆ, ಅದರ ನೆತ್ತಿಯ ಮೇಲೆ ಆಳವಾದ ಗೆರೆಗಳಿವೆ. ಅದಕ್ಕೇನಾದರೂ ಮಾಡಬೇಕೇ?

ಟಿಳಕವಾಡಿ ದಂತವೈದ್ಯೆ, ಬೆಳಗಾವಿ

ಅದು ಆರನೆಯ ವರ್ಷದ ಆಸುಪಾಸಿನಲ್ಲಿ ಬರುವ ಶಾಶ್ವತ ದವಡೆಹಲ್ಲು, ಇನ್ನೊಂದು ಹುಟ್ಟುವುದಿಲ್ಲ. ಬ್ರಷ್ಷಿನ ಎಳೆಯೂ ಇಳಿಯದ ಆ ಗೆರೆಗಳಿಗೆ ಗುಳಿಗೆಯ ಬ್ಯಾಕ್ಟೀರಿಯಾವನ್ನು ನಂಬಿ ಕೂರಬೇಡಿ. ಹಲ್ಲಿನ ನೆತ್ತಿ ಪೂರ್ತಿ ಒಸಡಿನ ಮೇಲೆ ಬಂದಿದ್ದರೆ ಗೆರೆಗಳನ್ನು ಗಟ್ಟಿಯಾಗಿ ಕೂರುವ ತೆಳು ಲೇಪವಾದ ಸೀಲಂಟ್‌ನಿಂದ ಮುಚ್ಚಿಸಿಬಿಡಬಹುದು. ಕೊರೆಯುವುದಿಲ್ಲ, ಸೂಜಿಯಿಲ್ಲ, ಒಂದು ಹಲ್ಲಿಗೆ ಕೆಲವೇ ನಿಮಿಷದ ಕೆಲಸ. ದಸರಾ ರಜೆಯವರೆಗೆ ಕಾಯದೆ ಈ ತಿಂಗಳೇ ನಿಮ್ಮ ವೈದ್ಯರಲ್ಲಿಗೆ ಕರೆದೊಯ್ಯಿರಿ, ಹೋಗುವಾಗ ಆ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.